ಗಂಟಲು ಅವರದು, ಗಳಿಕೆ ಯಾರದು?

ಚಳಿಗಾಲದ ಶನಿವಾರ ಸಂಜೆ ಆರು ಗಂಟೆಗೆ ಬೆಂಗಳೂರಿನ ಮನೆಯಲ್ಲಿ ಕಾಫಿ ಲೋಟ ಹಿಡಿದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ನೋಡುವುದು ನನ್ನ ಹಳೆಯ ಚಾಳಿ. ಅಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ತಲೆಮಾರುಗಳಿಂದ ಶನಿವಾರ ಮೂರು ಗಂಟೆಗೆ ಶುರುವಾಗುತ್ತಿದ್ದ ಆಟವನ್ನು ಟಿ.ವಿ. ಪ್ರಸಾರಕ್ಕಾಗಿ ಹಿಂದೆ ಮುಂದೆ ಎಳೆದಾಡಿದ್ದರ ಫಲ ಇದು. ನನಗೇನೋ ಹಿತವಾದ ಹೊತ್ತು. ತನ್ನ ತಂಡದ ಬೆನ್ನಿಗೆ ನ್ಯೂಕ್ಯಾಸಲ್‌ನಿಂದ ಲಂಡನ್ನಿಗೆ ಹೊರಟ ಅಭಿಮಾನಿ ಮಾತ್ರ ನಸುಕಿಗೇ ಮನೆ ಬಿಟ್ಟಿರಬೇಕು.

2020ರ ಜೂನ್‌ನಲ್ಲಿ, ಕೋವಿಡ್ ನಡುವೆ, ಖಾಲಿ ಕ್ರೀಡಾಂಗಣಗಳಲ್ಲಿ ಲೀಗ್ ಮತ್ತೆ ಆರಂಭವಾದಾಗ ಟಿ.ವಿ.ಯವರು ಮೊದಲೇ ಧ್ವನಿಮುದ್ರಿಸಿಟ್ಟ ಜನರ ಕೂಗನ್ನು ಪಂದ್ಯಕ್ಕೆ ಬೆರೆಸಿ ಬಡಿಸಿದರು. ಕೂಗು ಇತ್ತು, ಕೂಗುವವರಿರಲಿಲ್ಲ. ಗೋಲಾದ ಅರೆಕ್ಷಣದ ಮೇಲೆ ಏಳುತ್ತಿದ್ದ ಆ ಆರ್ಭಟ ಕೇಳಿ ಮುಜುಗರವಾಯಿತು. ಇಷ್ಟು ವರ್ಷ ನಾನು ಹಣ ತೆತ್ತದ್ದು ಚೆಂಡಿನಾಟಕ್ಕಷ್ಟೇ ಅಲ್ಲ, ಆ ಜನರ ಗಂಟಲಿಗೂ ಹೌದು ಎಂದು ಹೊಳೆದದ್ದು ಆಗ. ವಿಚಿತ್ರವೆಂದರೆ, ಆ ಗಂಟಲಿನ ಒಡೆಯರಿಗೆ ಅದರಲ್ಲಿ ಪಾಲಿಲ್ಲ. ಒಳಗೆ ಬರಲು ಅವರೇ ದುಡ್ಡು ಕೊಡಬೇಕು.

1989ರ ಹಿಲ್ಸ್‌ಬರೊ ದುರಂತ 97 ಲಿವರ್‌ಪೂಲ್ ಅಭಿಮಾನಿಗಳನ್ನು ಬಲಿ ತೆಗೆದುಕೊಂಡಿತು. ಅದರ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್, ನಿಂತು ನೋಡುವ ಗ್ಯಾಲರಿಗಳನ್ನು ತೆಗೆದು ಎಲ್ಲರಿಗೂ ಆಸನ ಹಾಕಿ ಎಂದರು. ಆ ಆಸನದ ದರ ಇದುವರೆಗೆ ನಿಂತು ನೋಡಿದವನ ಜೇಬಿಗೆ ನಿಲುಕುವಂತಿರಲಿ ಎಂಬ ಆಶಯವೂ 1990ರ ವರದಿಯಲ್ಲಿತ್ತು. ಕ್ಲಬ್‌ಗಳು ಪಾಲಿಸಿದ್ದು ಮೊದಲ ಮಾತನ್ನು. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿ ಪ್ರಸಾರದ ಹಣ ಹೊಳೆಯಾಗಿ ಹರಿದರೂ ಟಿಕೆಟ್ ದರ ಏರುತ್ತಲೇ ಹೋಯಿತು.

2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್‌ನ ಆಡಳಿತ ಹೊಸ ಸ್ಟ್ಯಾಂಡಿನ ಗರಿಷ್ಠ ದರವನ್ನು 77 ಪೌಂಡ್ ಎಂದು ಘೋಷಿಸಿತು. ಸಂಡರ್‌ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಆಗ 2-0 ಮುಂದಿದ್ದ ತಂಡ ಕೊನೆಗೆ 2-2ಕ್ಕೆ ತೃಪ್ತಿಪಟ್ಟಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಏರಿಕೆಯನ್ನು ಹಿಂತೆಗೆದುಕೊಂಡರು. ಗೆಲ್ಲುತ್ತಿರುವ ತಂಡವನ್ನು ಬಿಟ್ಟೇಳುವುದು ಎಷ್ಟು ಸಂಕಟದ ಕೆಲಸವೆಂಬುದು ಅಭಿಮಾನಿಗಳಿಗಷ್ಟೇ ಗೊತ್ತು.

ಹಾಗೆಂದು ಹಳೆಯ ಗ್ಯಾಲರಿಗಳು ಸ್ವರ್ಗವಾಗಿದ್ದವೆಂದು ನಾನು ಹೇಳಲಾರೆ. ಜಾನ್ ಬಾರ್ನ್ಸ್‌ನಂಥ ಕಪ್ಪು ಆಟಗಾರನತ್ತ ಬಾಳೆಹಣ್ಣು ಎಸೆದ ಜಾಗಗಳವು. ನನ್ನ ಮೈಬಣ್ಣದವನು ಎಂಬತ್ತರ ದಶಕದಲ್ಲಿ ಅಲ್ಲಿ ನೆಮ್ಮದಿಯಾಗಿ ನಿಲ್ಲುವುದು ಸಂದೇಹವೇ. ಆಸನ, ಕ್ಯಾಮೆರಾಗಳು ಬಂದ ಮೇಲೆ ಹೆಂಗಸರು ಮಕ್ಕಳೂ ಬರುವಂತಾಯಿತು. ಆದರೆ ಸುರಕ್ಷತೆಗೂ ದುಬಾರಿ ದರಕ್ಕೂ ಗಂಟು ಹಾಕಬೇಕಿರಲಿಲ್ಲ. ಜರ್ಮನಿಯ ಡಾರ್ಟ್‌ಮಂಡ್‌ನ ದಕ್ಷಿಣ ಸ್ಟ್ಯಾಂಡಿನಲ್ಲಿ ಲೀಗ್ ಪಂದ್ಯಗಳಿಗೆ ಇಂದಿಗೂ ಸುಮಾರು 25 ಸಾವಿರ ಜನ ಕಡಿಮೆ ದರದಲ್ಲಿ ನಿಂತೇ ನೋಡುತ್ತಾರೆ. ಒಂದೆರಡು ವಿನಾಯಿತಿ ಬಿಟ್ಟರೆ ಆ ದೇಶದ ಕ್ಲಬ್‌ಗಳಲ್ಲಿ ಬಹುಮತದ ಹಕ್ಕು ಸದಸ್ಯರ ಕೈಯಲ್ಲಿರಬೇಕೆಂಬ ನಿಯಮವೇ ಇದೆ.

ಅಲ್ಲೂ ವ್ಯಾಪಾರ ಬಾಗಿಲು ಬಡಿಯದೆ ಇಲ್ಲ. ಪ್ರಸಾರದ ಆದಾಯದಲ್ಲಿ ಒಂದು ಪಾಲನ್ನು ಹೂಡಿಕೆದಾರರಿಗೆ ಮಾರಲು ಲೀಗ್ ಹೊರಟಾಗ, 2024ರ ಆರಂಭದಲ್ಲಿ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದರು. ಪಂದ್ಯಗಳು ಮತ್ತೆ ಮತ್ತೆ ನಿಂತವು. ಟಿ.ವಿ. ಮುಂದೆ ಕುಳಿತಿದ್ದ ನನಗೂ, ಸುಳ್ಳೇಕೆ, ಕಿರಿಕಿರಿಯಾಗಿತ್ತು. ಫೆಬ್ರುವರಿ 21ರಂದು ಲೀಗ್ ಆ ಮಾರಾಟದ ಯೋಜನೆಯನ್ನು ಕೈಬಿಟ್ಟಿತು.