ಊಟದ ಮೇಜು: ಶಿಕ್ಷಣವೋ, ಶಿಕ್ಷೆಯೋ?

ಒಬ್ಬನ ವಿದ್ಯೆಯು ಸಭೆಯಲ್ಲಿಯೂ, ಅವನ ಸಂಸ್ಕಾರವು ಪಂಕ್ತಿಯಲ್ಲಿಯೂ ಪ್ರಕಟವಾಗುತ್ತವೆ. ಎಲ್ಲರ ಎಲೆಗೂ ಬಡಿಸಿ ಮುಗಿಯುವ ಮುನ್ನ ಅನ್ನಕ್ಕೆ ಕೈಯಿಡಕೂಡದು. ನೆರೆಯವನು ಉಣ್ಣುತ್ತಿರುವಾಗ ಎದ್ದು ಹೋಗಕೂಡದು. ಬಡಿಸುವವನು ಪಂಕ್ತಿಭೇದವನ್ನು ಮಾಡಕೂಡದು. ಇವು ನಮ್ಮ ಮನೆಗಳಲ್ಲಿ ಮಕ್ಕಳು ಕಲಿಯುವ ಮೊದಲ ಪಾಠಗಳು. ಯುದ್ಧವಿದ್ಯೆಯನ್ನು ಬೋಧಿಸುವ ದೊಡ್ಡದೊಂದು ಸಂಸ್ಥೆಯು ಊಟದ ಮೇಜನ್ನೂ ತನ್ನ ತರಗತಿಗಳಲ್ಲಿ ಒಂದನ್ನಾಗಿ ಮಾಡಿಕೊಂಡಿದೆಯೆಂದರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆ ತರಗತಿಯ ಗುಣವನ್ನೂ ದೋಷವನ್ನೂ ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಭೂಸೈನ್ಯಕ್ಕೆ ಅಧಿಕಾರಿಗಳನ್ನು ಸಿದ್ಧಗೊಳಿಸುವ ವಿದ್ಯಾಲಯವು ಹಡ್ಸನ್ ನದಿಯ ದಡದಲ್ಲಿರುವ ವೆಸ್ಟ್ ಪಾಯಿಂಟ್ ಎಂಬ ಸ್ಥಳದಲ್ಲಿ 1802ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ಅಲ್ಲಿ ನಾಲ್ಕು ವರ್ಷಗಳ ವ್ಯಾಸಂಗ. ವಿದ್ಯಾರ್ಥಿಗಳ ಸಂಖ್ಯೆ ಸುಮಾರು 4,400. ವಾಷಿಂಗ್ಟನ್ ಹಾಲ್ ಎಂಬ ಭೋಜನಶಾಲೆಯು ಇಷ್ಟು ಮಂದಿಯೂ ಏಕಕಾಲದಲ್ಲಿ ಕುಳಿತು ಉಣ್ಣುವಷ್ಟು ವಿಶಾಲವಾದುದು. ಒಂದೊಂದು ಮೇಜಿಗೆ ಹತ್ತು ಮಂದಿಯಂತೆ, ಹಿರಿಯ ತರಗತಿಯವರೂ ಹೊಸಬರೂ ಕೂಡಿಯೇ ಕುಳಿತುಕೊಳ್ಳುವುದು ಅಲ್ಲಿಯ ಸಂಪ್ರದಾಯ. ಮೊದಲ ವರ್ಷದವರಿಗೆ 'ಪ್ಲೀಬ್' ಎಂದು ಹೆಸರು. ಪ್ರಾಚೀನ ರೋಮಿನ ಸಾಮಾನ್ಯ ಪ್ರಜೆಗಳನ್ನು ಸೂಚಿಸುತ್ತಿದ್ದ ಶಬ್ದದಿಂದ ಹುಟ್ಟಿದ ಈ ಹೆಸರೇ ಹೊಸಬರ ಸ್ಥಾನವೇನೆಂಬುದನ್ನು ತಿಳಿಸುತ್ತದೆ.

ಮೇಜಿನ ಕೊನೆಯಲ್ಲಿ ಕುಳಿತ ಈ ಹೊಸಬರಿಗೆ ಒಬ್ಬೊಬ್ಬನಿಗೆ ಒಂದೊಂದು ಹೊಣೆ. ಒಬ್ಬನು 'ಗನ್ನರ್', ಅಂದರೆ ಫಿರಂಗಿಯವನು. ಭಕ್ಷ್ಯಗಳ ಉಸ್ತುವಾರಿಯು ಅವನದು. ಬಿಸಿಯ ಪಾನೀಯಕ್ಕೆ ಒಬ್ಬ ಕಾರ್ಪೋರಲ್, ತಣ್ಣನೆಯ ಪಾನೀಯಕ್ಕೆ ಇನ್ನೊಬ್ಬ ಕಾರ್ಪೋರಲ್! ಮೇಜಿನ ಹಿರಿಯರಲ್ಲಿ ಯಾರಿಗೆ ಯಾವ ಪಾನೀಯ ಇಷ್ಟವೆಂಬುದನ್ನು ಇವರು ಬಾಯಿಪಾಠ ಮಾಡಿಕೊಂಡಿರತಕ್ಕದ್ದು. ಕಡೆಯಲ್ಲಿ ಸಿಹಿ ತಿಂಡಿ ಬಂದಾಗ, ಎಷ್ಟು ಮಂದಿಗೆ ಬೇಕೆಂದು ಕೇಳಿ, ಅಷ್ಟೇ ಸಮಭಾಗಗಳಾಗಿ ಕತ್ತರಿಸತಕ್ಕದ್ದು. ಎಂಟು ಭಾಗವನ್ನು ಯಾರಾದರೂ ಮಾಡಿಯಾರು. ದುಂಡನೆಯ ಕೇಕನ್ನು ಏಳು ಅಥವಾ ಒಂಬತ್ತು ಸಮಭಾಗ ಮಾಡುವುದು ಹುಡುಗಾಟವಲ್ಲ. ಇದಕ್ಕಾಗಿ ಕಾಗದದ ಅಚ್ಚನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು ಬರುವ ಜಾಣರೂ ಉಂಟು. ಹಿಂದಿನ ಕಾಲದಲ್ಲಿ ಇದರ ಜೊತೆಗೆ ಬೆನ್ನನ್ನು ನೆಟ್ಟಗೆ ನಿಲ್ಲಿಸಿ, ದೃಷ್ಟಿಯನ್ನು ತಟ್ಟೆಯಲ್ಲಿಯೇ ನೆಟ್ಟು, ಕೇಳದ ಹೊರತು ಮಾತನಾಡದೆ, ಸಣ್ಣ ಸಣ್ಣ ತುತ್ತುಗಳನ್ನು ತಿನ್ನಬೇಕಾಗಿತ್ತು.

ಮೇಲುನೋಟಕ್ಕೆ ಇದು ಬಾಲಿಶವಾಗಿ ತೋರಬಹುದು. ಆದರೆ ವಿಚಾರ ಮಾಡಿದರೆ ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಇಂದು ಒಂಬತ್ತು ಮಂದಿಯ ಬೇಕುಬೇಡಗಳನ್ನು ನೆನಪಿನಲ್ಲಿಟ್ಟವನು ನಾಳೆ ಮೂವತ್ತು ಮಂದಿ ಸಿಪಾಯಿಗಳ ರೊಟ್ಟಿ, ನೀರು, ಕಂಬಳಿಗಳ ಲೆಕ್ಕವನ್ನು ಇಡಬೇಕಾದವನು. ಹಸಿದ ಜನರ ನಡುವೆ ಅನ್ನವನ್ನು ಹಂಚುವಾಗ ಕೂದಲೆಳೆಯಷ್ಟು ವ್ಯತ್ಯಾಸವೂ ಮನಸ್ಸನ್ನು ಮುರಿಯುತ್ತದೆ. ಕೇಕನ್ನು ಸಮನಾಗಿ ಕತ್ತರಿಸುವ ಕೈಗೆ ನ್ಯಾಯದ ಅಭ್ಯಾಸವಾಗುತ್ತದೆ. ಇಷ್ಟರ ಮಟ್ಟಿಗೆ ಆ ಪದ್ಧತಿಯು ಶ್ಲಾಘ್ಯವೆಂದೇ ನಮ್ಮ ಅಭಿಪ್ರಾಯ.

ಹೀಗಿದ್ದರೂ, ಅದೇ ಮೇಜಿನ ಇತಿಹಾಸದಲ್ಲಿ ಒಂದು ಕರಾಳ ಪುಟವಿದೆ. ಆಸ್ಕರ್ ಬೂಝ್ ಎಂಬ ತರುಣನು 1898ರಲ್ಲಿ ಆ ವಿದ್ಯಾಲಯವನ್ನು ಸೇರಿ, ಕೆಲವೇ ತಿಂಗಳುಗಳಲ್ಲಿ ಬಿಟ್ಟು ಮನೆಗೆ ಮರಳಿದನು. 1900ನೆಯ ಇಸವಿಯ ಡಿಸೆಂಬರಿನಲ್ಲಿ ಗಂಟಲಿನ ಕ್ಷಯದಿಂದ ತೀರಿಕೊಂಡನು. ಊಟದ ಮೇಜಿನಲ್ಲಿ ಹಿರಿಯ ವಿದ್ಯಾರ್ಥಿಗಳು ಅತಿ ಖಾರವಾದ ಮೆಣಸಿನಕಾಯಿಯ ರಸವನ್ನು ಬಲವಂತದಿಂದ ಅವನಿಗೆ ಕುಡಿಸಿದ್ದರೆಂದೂ, ಅದೇ ಅವನ ಗಂಟಲನ್ನು ಕೆಡಿಸಿತೆಂದೂ ಅವನ ಮನೆಯವರು ದೂರಿದರು. ದೇಶವೆಲ್ಲ ಕೋಲಾಹಲವೆದ್ದಿತು. ಅಮೆರಿಕಾದ ಶಾಸನಸಭೆಯ ಸಮಿತಿಯೊಂದು ಮುಂದಿನ ತಿಂಗಳೇ ವಿಚಾರಣೆ ನಡೆಯಿಸಿತು. ಮರಣಕ್ಕೆ ಆ ಹಿಂಸೆಯೇ ಸಾಕ್ಷಾತ್ ಕಾರಣವೆಂದು ಸಮಿತಿಯು ಒಪ್ಪಲಿಲ್ಲವಾದರೂ, ಖಾರದ ರಸವನ್ನು ಕುಡಿಸುವುದೇ ಮೊದಲಾದ ಪೀಡನೆಗಳು ಅಲ್ಲಿ ವಾಡಿಕೆಯಾಗಿದ್ದುವೆಂಬುದು ಬಯಲಾಯಿತು. 1901ರಲ್ಲಿಯೇ ಇಂತಹ ಪೀಡನೆಯನ್ನು ಕಾನೂನಿನಿಂದ ನಿಷೇಧಿಸಲಾಯಿತು.

ಆ ವಿಚಾರಣೆಯಲ್ಲಿ ಸಾಕ್ಷಿ ನುಡಿದವರಲ್ಲಿ, ತಾನೂ ಪೀಡನೆಗೆ ಗುರಿಯಾಗಿದ್ದ ಡಗ್ಲಸ್ ಮೆಕಾರ್ಥರ್ ಎಂಬ ವಿದ್ಯಾರ್ಥಿಯೂ ಒಬ್ಬನು. ಮುಂದೆ ಜಗತ್ಪ್ರಸಿದ್ಧ ಸೇನಾನಿಯಾದ ಅವರೇ 1919ರಿಂದ 1922ರ ವರೆಗೆ ಆ ವಿದ್ಯಾಲಯದ ಮುಖ್ಯಾಧಿಕಾರಿಗಳಾಗಿ, ಹೊಸಬರನ್ನು ಹಿಂಸಿಸುವ ರೂಢಿಯನ್ನು ಅಡಗಿಸಲು ಪ್ರಯತ್ನಪಟ್ಟರು. ಆದರೆ ರೂಢಿಯು ಆಜ್ಞೆಗಿಂತ ಹೆಚ್ಚು ಆಯುಸ್ಸುಳ್ಳದ್ದು. ಹೊಸಬರನ್ನೇ ಪ್ರತ್ಯೇಕವಾಗಿ ದಂಡಿಸುವಂತಿದ್ದ ಹಳೆಯ ಪದ್ಧತಿಯನ್ನು ತೆಗೆದು, ನಾಲ್ಕೂ ವರ್ಷದವರಿಗೆ ಒಂದೊಂದು ಹೊಣೆಯನ್ನು ವಿಧಿಸುವ ಪದ್ಧತಿಯು ಬಂದುದು 1990ರಲ್ಲಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಮೇಜು, ಒಂದೇ ಹಿರಿತನ ಕಿರಿತನ. ಒಂದು ಶಿಕ್ಷಣ, ಇನ್ನೊಂದು ಶಿಕ್ಷೆ ಆದುದು ಹೇಗೆ? ಇವೆರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಯಾವ ನಿಯಮದಿಂದ ಕಿರಿಯನ ಕಣ್ಣು ನೆರೆಯವನ ತಟ್ಟೆಯ ಕಡೆಗೆ ತಿರುಗುವುದೋ ಅದು ಶಿಕ್ಷಣ. ಯಾವ ನಿಯಮದಿಂದ ಅವನು ಹಸಿದು, ಅವಮಾನಪಟ್ಟು, ತನಗೂ ಒಂದು ದಿನ ಹಿರಿತನ ಬರಲೆಂದು ಹಲ್ಲು ಕಚ್ಚಿ ಕಾಯುವನೋ ಅದು ಕೇವಲ ಹಿಂಸೆ. ಅಂಥವನು ಕಲಿತದ್ದು ಸಂಯಮವಲ್ಲ, ಸೇಡು. ಆ ಸೇಡನ್ನು ತೀರಿಸಿಕೊಳ್ಳುವುದು ತನ್ನನ್ನು ನೋಯಿಸಿದವನ ಮೇಲಲ್ಲ, ಮರುವರ್ಷ ಬರುವ ನಿರಪರಾಧಿಯ ಮೇಲೆ.

ಇದು ನಮಗೆ ದೂರದ ದೇಶದ ಮಾತಲ್ಲ. ದೇಹರಾದೂನಿನಲ್ಲಿ 1932ರಿಂದಲೂ, ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ 1955ರಿಂದಲೂ ನಮ್ಮ ದೇಶದ ಸೈನ್ಯಾಧಿಕಾರಿಗಳು ಸಿದ್ಧರಾಗುತ್ತಿದ್ದಾರೆ. ಅಲ್ಲಿಗೆ ಹಳ್ಳಿಯ ಶಾಲೆಯಿಂದ ಹೋಗುವ ಹುಡುಗನಿಗೆ ಚಾಕು ಮತ್ತು ಮುಳ್ಳುಚಮಚ ಹಿಡಿದು ಉಣ್ಣುವುದು ಮೊದಲಿಗೆ ತೊಡಕೆನಿಸಬಹುದು. ಅದಕ್ಕಾಗಿ ಅವನನ್ನು ಯಾರೂ ಹಾಸ್ಯ ಮಾಡಕೂಡದು. ಮುಳ್ಳುಚಮಚವನ್ನು ಹಿಡಿಯಲು ಎಂಟು ದಿನ ಸಾಕು. ಹಂಚಿ ಉಣ್ಣುವ ಬುದ್ಧಿಯು ಬರಲು ಮನೆಯ ಪಂಕ್ತಿಯಲ್ಲಿ ಹತ್ತು ವರ್ಷ ಬೇಕು. ಎರಡನೆಯದನ್ನು ಅವನು ತಂದಿದ್ದರೆ ಮೊದಲನೆಯದು ತಾನಾಗಿಯೇ ಬರುತ್ತದೆ.

ದೇಹರಾದೂನಿನ ಸಭಾಭವನದಲ್ಲಿ ಚೆಟ್‌ವುಡ್ ಸೇನಾಪತಿಗಳ ಉಪದೇಶವನ್ನು ಕೆತ್ತಿಸಿದ್ದಾರೆ. ಅಧಿಕಾರಿಗೆ ಮೊದಲು ದೇಶದ ಕ್ಷೇಮ, ಆಮೇಲೆ ತನ್ನ ಕೈಕೆಳಗಿನವರ ಸುಖ, ಕಟ್ಟಕಡೆಗೆ ತನ್ನ ಸುಖ ಎಂಬುದು ಅದರ ತಾತ್ಪರ್ಯ. ನಮ್ಮ ದಂಡಿನಲ್ಲಿ 'ಬಡಾ ಖಾನಾ' ಎಂಬ ಔತಣದ ದಿನ ಅಧಿಕಾರಿಗಳೂ ಸಿಪಾಯಿಗಳೂ ಕೂಡಿ ಉಣ್ಣುವ ಪದ್ಧತಿಯು ಈ ತತ್ತ್ವದ ಆಚರಣೆಯೇ ಸರಿ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ಉಳಿದುದನ್ನು ಕಡೆಯಲ್ಲಿ ಉಣ್ಣುವ ತಾಯಂದಿರು ಈ ತತ್ತ್ವವನ್ನು ಯಾವ ಗೋಡೆಯ ಮೇಲೂ ಓದಿ ಕಲಿತವರಲ್ಲ. ತರುಣ ಸೈನಿಕರು ಅವರಿಂದ ಇಷ್ಟನ್ನು ಕಲಿತು ಹೋದರೆ ಸಾಕು. ಉಳಿದುದನ್ನು ವಿದ್ಯಾಲಯವು ಕಲಿಸಲಿ.