ಭಾರದ ರಾಕೆಟ್ಟಿಗೆ ತಕ್ಕ ಮೋಟರು: ಮೈಸೂರು ಬಾಣಗಳ ಒಂದು ಪರಿಶೀಲನೆ

ರಾಕೆಟ್ಟಿನ ತೂಕಕ್ಕೆ ತಕ್ಕ ಮೋಟರನ್ನು ಆರಿಸುವುದು ರಾಕೆಟ್ ವಿಜ್ಞಾನದ ಮೊದಲ ಸಮಸ್ಯೆ. ಇಂದಿನ ಮಾದರಿ ರಾಕೆಟ್ಟುಗಳಿಗೂ ಹದಿನೆಂಟನೆಯ ಶತಮಾನದ ಮೈಸೂರು ಬಾಣಗಳಿಗೂ ಈ ಸಮಸ್ಯೆ ಸಮಾನವಾದುದು. ಮೈಸೂರಿನ ಕುಶಲಕರ್ಮಿಗಳು ಇದನ್ನು ಹೇಗೆ ಪರಿಹರಿಸಿಕೊಂಡರೆಂಬುದನ್ನು ಉಳಿದಿರುವ ಅವಶೇಷಗಳ ಅಳತೆಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೋಟರಿನ ಆಯ್ಕೆಯಲ್ಲಿ ಎರಡು ಪರಿಮಾಣಗಳು ಮುಖ್ಯ. ಮೊದಲನೆಯದು ನೂಕುಬಲ; ಎರಡನೆಯದು ನೂಕುಬಲ ಮತ್ತು ಉರಿಯುವ ಅವಧಿಗಳ ಗುಣಲಬ್ಧವಾದ ಒಟ್ಟು ಆವೇಗ. ಮಾದರಿ ರಾಕೆಟ್ಟುಗಳ ಮೋಟರುಗಳನ್ನು ಒಟ್ಟು ಆವೇಗದ ಆಧಾರದಿಂದ ಇಂಗ್ಲಿಷ್ ಅಕ್ಷರಗಳಲ್ಲಿ ವರ್ಗೀಕರಿಸಲಾಗಿದ್ದು, ಪ್ರತಿ ಅಕ್ಷರಕ್ಕೂ ಗರಿಷ್ಠ ಮಿತಿ ಇಮ್ಮಡಿಯಾಗುತ್ತದೆ. ಆದರೆ ಒಟ್ಟು ಆವೇಗ ಹೆಚ್ಚಿದ್ದ ಮಾತ್ರಕ್ಕೆ ಭಾರದ ರಾಕೆಟ್ಟು ಸರಿಯಾಗಿ ಮೇಲೇರದು. ಹಿಂಬದಿಯ ರೆಕ್ಕೆಯಾಗಲಿ ಕೋಲಾಗಲಿ ಗಾಳಿಯ ಹಿಡಿತದಿಂದ ದಿಕ್ಕನ್ನು ಕಾಯಬೇಕಾದರೆ ಆರಂಭದಲ್ಲಿಯೇ ಸಾಕಷ್ಟು ವೇಗ ಬರಬೇಕು. ಆದುದರಿಂದ ಆರಂಭದ ನೂಕುಬಲವು ಒಟ್ಟು ತೂಕದ ಐದು ಪಟ್ಟಾದರೂ ಇರಬೇಕೆಂಬುದು ರೂಢಿಯ ನಿಯಮ.

ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದಲ್ಲಿ ವುಲ್‌ವಿಚ್‌ನ ಸಂಗ್ರಹದಲ್ಲಿದ್ದ ಎರಡು ಮೈಸೂರು ಬಾಣಗಳ ಅಳತೆಗಳನ್ನು ಚರ್ಚಿಸಿದರು. ಒಂದರ ಕಬ್ಬಿಣದ ಕೊಳವೆಯ ವ್ಯಾಸ 58 ಮಿ.ಮೀ., ಉದ್ದ 254 ಮಿ.ಮೀ.; ಅದನ್ನು 1.02 ಮೀಟರ್ ಉದ್ದದ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಯಿಂದ ಕಟ್ಟಲಾಗಿದೆ. ಇನ್ನೊಂದರ ವ್ಯಾಸ 37 ಮಿ.ಮೀ., ಉದ್ದ 198 ಮಿ.ಮೀ.; ಅದಕ್ಕೆ ಕಟ್ಟಿರುವುದು 1.9 ಮೀಟರ್ ಉದ್ದದ ಬಿದಿರು.

ಈ ಅಳತೆಗಳಿಂದ ಒಂದು ಅಂದಾಜನ್ನು ಕಟ್ಟಬಹುದು. ಕೊಳವೆಯ ದಪ್ಪವನ್ನು 2.5 ಮಿ.ಮೀ. ಎಂದು ಭಾವಿಸಿದರೆ ದೊಡ್ಡ ಬಾಣದಲ್ಲಿ ಸುಮಾರು 0.9 ಕಿ.ಗ್ರಾಂ ಮದ್ದು ಹಿಡಿಯುತ್ತದೆ. ಕೊಳವೆಗೆ 1 ಕಿ.ಗ್ರಾಂ, ಅಲಗಿಗೆ ಅದಕ್ಕಿಂತ ತುಸು ಕಡಿಮೆ ಎಂದು ಹಿಡಿದರೆ ಒಟ್ಟು ತೂಕ 2.8 ಕಿ.ಗ್ರಾಂ ಆಸುಪಾಸಿಗೆ ಬರುತ್ತದೆ. ಕರಿಮದ್ದಿನ ವಿಶಿಷ್ಟ ಆವೇಗವನ್ನು 60ರಿಂದ 80 ಸೆಕೆಂಡು ಎಂದು ಗಣಿಸಿದರೆ ಒಟ್ಟು ಆವೇಗ 530ರಿಂದ 700 ನ್ಯೂಟನ್-ಸೆಕೆಂಡ್. ಇಂದಿನ ವರ್ಗೀಕರಣದಲ್ಲಿ ಇದು 'ಐ' ಮತ್ತು 'ಜೆ' ವರ್ಗಗಳ ಗಡಿ. ಅಂದರೆ ಹವ್ಯಾಸಿಗಳ ಸಣ್ಣ ಮೋಟರುಗಳಿಗಿಂತ ಬಹಳ ಮೇಲಿನದು. ಐದು ಪಟ್ಟಿನ ನಿಯಮದಂತೆ ಇದಕ್ಕೆ ಸುಮಾರು 137 ನ್ಯೂಟನ್ ನೂಕುಬಲ ಬೇಕು. ಹಾಗಾಗಬೇಕಾದರೆ ಮದ್ದೆಲ್ಲವೂ ನಾಲ್ಕೈದು ಸೆಕೆಂಡುಗಳೊಳಗೆ ಉರಿದು ತೀರಬೇಕು.

ಕಬ್ಬಿಣದ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಮದ್ದು ಬೇಗ ಉರಿದಷ್ಟೂ ಒಳಗಿನ ಒತ್ತಡ ಏರುತ್ತದೆ; ಕಾಗದದ ಕೊಳವೆ ಅದನ್ನು ತಾಳಲಾರದೆ ಸಿಡಿಯುತ್ತದೆ. ಕಬ್ಬಿಣದಿಂದ ಕೊಳವೆಯ ಭಾರ ಹೆಚ್ಚಿದರೂ ಅದು ತಾಳುವ ಒತ್ತಡವೂ ಅದರಿಂದ ದೊರೆಯುವ ನೂಕುಬಲವೂ ಹೆಚ್ಚಿದವು. ವಿಲಿಯಂ ಕಾಂಗ್ರೀವ್‌ನ ರಾಕೆಟ್ಟುಗಳೂ ಮುಂದೆ ಕಬ್ಬಿಣದ ಕೊಳವೆಯನ್ನೇ ಆಶ್ರಯಿಸಿದವು. ಆತನ 32 ಪೌಂಡಿನ ರಾಕೆಟ್ಟಿಗೆ 15 ಅಡಿ ಉದ್ದದ ಕೋಲು ಬೇಕಾಯಿತು.

ಎರಡು ಬಾಣಗಳ ಹೋಲಿಕೆ ಇನ್ನೂ ಕುತೂಹಲಕರ. ದೊಡ್ಡ ಕೊಳವೆಯ ಗಾತ್ರ ಚಿಕ್ಕದರ ಮೂರು ಪಟ್ಟಿಗೂ ಮಿಕ್ಕದ್ದು. ಚಿಕ್ಕ ಕೊಳವೆಗೆ ಅದೇ ಕತ್ತಿಯನ್ನು ಕಟ್ಟಿದ್ದರೆ, ಮೇಲಿನ ಅಂದಾಜಿನಂತೆ, ಬಾಣ ಗಳಿಸುವ ವೇಗ ದೊಡ್ಡದರ ಅರ್ಧಕ್ಕಿಂತ ಕಡಿಮೆಯಾಗುತ್ತಿತ್ತು. ಭಾರದ ಅಲಗು ದೊಡ್ಡ ಮೋಟರಿಗೆ, ಹಗುರವಾದ ಬಿದಿರು ಚಿಕ್ಕದಕ್ಕೆ ಎಂಬ ಹಂಚಿಕೆ ಭಾರ ಮತ್ತು ಬಲಗಳ ಸಂಬಂಧಕ್ಕೆ ಹೊಂದುತ್ತದೆ. ಸೂತ್ರರೂಪದ ಗಣಿತವಿಲ್ಲದೆ, ಅನುಭವದಿಂದಲೇ ಈ ವಿವೇಕ ಮೂಡಿರಬಹುದು. ಆದರೆ ಎರಡೇ ಮಾದರಿಗಳಿಂದ ಇದನ್ನು ನಿಯಮವೆಂದು ಸಾಧಿಸಲಾಗದು.

ಈ ಕಾರಣದಿಂದಲೇ ಶಿವಮೊಗ್ಗ ಜಿಲ್ಲೆಯ ನಗರದ ಶೋಧಗಳಿಗೆ ವಿಶೇಷ ಮಹತ್ವವಿದೆ. ಅಲ್ಲಿ 2002ರಲ್ಲಿ ನೂರಅರವತ್ತರಷ್ಟು, 2018ರಲ್ಲಿ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕು ಬಾಣಗಳ ಕಬ್ಬಿಣದ ಕೊಳವೆಗಳು ದೊರೆತವು. ಇವು ತುಕ್ಕು ಹಿಡಿದಿದ್ದು, ಗಾತ್ರದಲ್ಲಿಯೂ ಒಂದೇ ಬಗೆಯವಲ್ಲ. ಪ್ರತಿಯೊಂದರ ವ್ಯಾಸ, ಉದ್ದ, ಗೋಡೆಯ ದಪ್ಪ ಮತ್ತು ಬಾಯಿಯ ರಂಧ್ರಗಳನ್ನು ಅಳೆದು ಪಟ್ಟಿಮಾಡಿದರೆ, ಮೇಲಿನ ಲೆಕ್ಕದಲ್ಲಿ ಊಹೆಯಿಂದ ತುಂಬಿದ ಸಂಖ್ಯೆಗಳ ಜಾಗಕ್ಕೆ ನಿಜವಾದ ಸಂಖ್ಯೆಗಳು ಬರುತ್ತವೆ. ಗಾತ್ರಗಳು ಕೆಲವೇ ಗುಂಪುಗಳಾಗಿ ಒಡೆದು ಕಂಡರೆ ನಿಶ್ಚಿತ ಅಳತೆಯ ತಯಾರಿಕೆಗೆ ಅದು ಪುರಾವೆ; ಚದುರಿ ಕಂಡರೆ ಕಮ್ಮಾರರ ಕೈಚಳಕಕ್ಕೆ. ಮುಖ್ಯವಾಗಿ ಬೇಕಾದ ಗೋಡೆಯ ದಪ್ಪವೇ ತುಕ್ಕಿನಿಂದ ಮೊದಲು ಅಳಿಯುವ ಸಾಕ್ಷ್ಯ. ಆದುದರಿಂದ ಸಂರಕ್ಷಣೆ ಮತ್ತು ಅಳತೆ ಜೊತೆಜೊತೆಯಾಗಿ ನಡೆಯಬೇಕು.

ತೂಕಕ್ಕೆ ತಕ್ಕ ಮೋಟರೆಂಬ ತತ್ತ್ವ ಇಂದಿಗೂ ಬದಲಾಗಿಲ್ಲ. ಇಸ್ರೋ ಸಂಸ್ಥೆಯ ಪಿಎಸ್‌ಎಲ್‌ವಿ ವಾಹನವು ಉಪಗ್ರಹದ ಭಾರಕ್ಕನುಗುಣವಾಗಿ ಪಕ್ಕದ ಮೋಟರುಗಳಿಲ್ಲದೆಯೂ, ಎರಡು, ನಾಲ್ಕು ಅಥವಾ ಆರು ಮೋಟರುಗಳೊಡನೆಯೂ ಹಾರಿದೆ. ಮೈಸೂರು ಬಾಣಗಳಲ್ಲಿ ಕತ್ತಿ ಮತ್ತು ಬಿದಿರುಗಳ ನಡುವಣ ಆಯ್ಕೆಯಲ್ಲಿಯೂ ಇದೇ ಪ್ರಶ್ನೆ ಅಡಗಿದೆ. ಅದಕ್ಕೆ ಖಚಿತವಾದ ಉತ್ತರವನ್ನು ನಗರದ ಕೊಳವೆಗಳ ಅಳತೆಯಿಂದಲೇ ಪಡೆಯಬೇಕಾಗಿದೆ.