ಬೇಸ್‌ಮೆಂಟಿಗೆ ಕೈಹಚ್ಚುವ ಮುನ್ನ ನೀರಿನ ದಾರಿ ನೋಡಿ

ಉತ್ತರ ಅಮೆರಿಕದ ಹಳೆಯ ಮನೆಗಳಲ್ಲಿ ನೆಲದಡಿಯ ಜಾಗವನ್ನು ಸ್ವಂತ ಕೈಯಿಂದ ವಾಸಯೋಗ್ಯ ಮಾಡಿಕೊಳ್ಳುವವರು ತಿಳಿದಿರಬೇಕಾದದ್ದು

ಚಿಕಾಗೊ, ಮಿನಿಯಾಪೊಲಿಸ್, ಡೆಟ್ರಾಯಿಟ್, ಟೊರಾಂಟೊ ನಗರಗಳಲ್ಲಿ ನೂರು ವರ್ಷ ದಾಟಿದ ಮನೆಗಳಿಗೆ ಬರವಿಲ್ಲ. ದೊಡ್ಡ ಮರಗಳ ಬೀದಿ, ಓಕ್ ಹಲಗೆಯ ನೆಲ, ಊರ ನಡುವಿನ ಜಾಗ ನೋಡಿ ಅವನ್ನು ಕೊಳ್ಳುವವರಲ್ಲಿ ಕನ್ನಡದ ಕುಟುಂಬಗಳೂ ಇವೆ. ಸಾಮಾನು ಇಳಿಸಿ ಮುಗಿಯುವಷ್ಟರಲ್ಲಿ ಎಲ್ಲರ ಕಣ್ಣು ಬೇಸ್‌ಮೆಂಟಿನ ಮೇಲೆ ಬೀಳುತ್ತದೆ. ಮೇಲಿನ ಮನೆಯಷ್ಟೇ ಅಗಲದ ಜಾಗ ಖಾಲಿ ಬಿದ್ದಿರುತ್ತದೆ. ದಸರೆಗೆ ಅಲ್ಲಿ ಗೊಂಬೆ ಕೂರಿಸಬಹುದು, ಕನ್ನಡ ಕೂಟದ ನಾಟಕದ ತಾಲೀಮು ನಡೆಸಬಹುದು, ಊರಿನಿಂದ ಬರುವ ಅಪ್ಪ ಅಮ್ಮನಿಗೆ ಒಂದು ಕೋಣೆ ಮಾಡಿಕೊಡಬಹುದು. ಕೂಲಿ ದುಬಾರಿಯಾದ ನಾಡಿನಲ್ಲಿ ಶನಿವಾರ, ಭಾನುವಾರ ತಾವೇ ಸುತ್ತಿಗೆ ಹಿಡಿಯುವುದು ಸಹಜ.

ಈ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಆ ಬೇಸ್‌ಮೆಂಟ್ ಕಟ್ಟಿದವರು ಅಲ್ಲಿ ಮುಂದೊಂದು ದಿನ ಜನ ಮಲಗುತ್ತಾರೆಂದು ಎಣಿಸಿರಲಿಲ್ಲ. ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬುದೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಹಿಮ ತೋಡಿಸಿದ ಕೋಣೆ

ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಉಬ್ಬಿದರೆ ಮೇಲಿನ ಮನೆಯನ್ನೇ ಎತ್ತಿ ಬಿರುಕು ಬಿಡಿಸುತ್ತದೆ. ಹಾಗಾಗಿ ಹಿಮ ಮುಟ್ಟದ ಆಳದಲ್ಲಿ ಅಡಿಪಾಯ ಕೂರಬೇಕು. ಚಿಕಾಗೊದಲ್ಲಿ ಆ ಆಳ 42 ಅಂಗುಲ, ಮಿನ್ನೆಸೋಟದ ಉತ್ತರ ಭಾಗದಲ್ಲಿ 60 ಅಂಗುಲ. ಹೇಗೂ ಅಷ್ಟು ಅಗೆಯಬೇಕು ಎಂದಾಗ ಇನ್ನಷ್ಟು ಅಗೆದು ಒಂದು ಕೋಣೆ ಮಾಡಿಕೊಂಡರು. ಕಲ್ಲಿದ್ದಲು ಸುರಿಯಲು, ಕುಲುಮೆ ಇಡಲು, ಆಲೂಗಡ್ಡೆ ಕೂಡಿಡಲು ಅಷ್ಟು ಸಾಕಿತ್ತು.

ಗೋಡೆಗಳು ಮೊದಲು ಕಾಡುಗಲ್ಲು, ಸುಣ್ಣದ ಗಾರೆಯವು. ಆಮೇಲೆ ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್ ಬಂದವು. ಹೊರಮೈಗೆ ನೀರು ತಡೆಯುವ ಲೇಪನವಾಗಲಿ, ಬುಡದಲ್ಲಿ ನೀರು ಹರಿದುಹೋಗುವ ಕೊಳವೆಯಾಗಲಿ ಬಹುಪಾಲು ಮನೆಗಳಲ್ಲಿ ಇರಲಿಲ್ಲ. ತೇವ ಒಳಗೆ ಬಂದರೂ ಬರಿಗೋಡೆಯ ಮೇಲೆ ಗಾಳಿಯಾಡಿ ಒಣಗುತ್ತಿತ್ತು. ಅದೇ ಗೋಡೆಯ ಮುಂದೆ ಡ್ರೈವಾಲ್ ಎಂಬ ಜಿಪ್ಸಂ ಹಲಗೆ ನಿಲ್ಲಿಸಿದರೆ ತೇವ ಬರುವುದು ನಿಲ್ಲುವುದಿಲ್ಲ, ಒಣಗುವುದು ಮಾತ್ರ ನಿಲ್ಲುತ್ತದೆ.

ಮೊದಲ ಕೆಲಸ ಹೊರಗಿದೆ

ಸೂರಿನ ನೀರು ಗೋಡೆಯ ಬುಡಕ್ಕೆ ಬೀಳಬಾರದು ಎಂಬುದು ಮಲೆನಾಡಿನ ಪ್ರತಿ ಮನೆಗೂ ಗೊತ್ತು. ಅಮೆರಿಕದ ಬೇಸ್‌ಮೆಂಟಿಗೂ ಅದೇ ಮೊದಲ ಪಾಠ. 1,000 ಚದರ ಅಡಿ ಚಾವಣಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು ಇಳಿಯುತ್ತದೆ. ಸೂರಿನ ದೋಣಿಗಳಲ್ಲಿ ಎಲೆ ಕಟ್ಟಿಕೊಂಡಿದ್ದರೆ, ಇಳಿಕೊಳವೆ ಗೋಡೆಯ ಪಕ್ಕದಲ್ಲೇ ಬಾಯಿ ತೆರೆದಿದ್ದರೆ ಅಷ್ಟೂ ನೀರು ಅಡಿಪಾಯಕ್ಕೆ ಇಂಗುತ್ತದೆ. ದೋಣಿ ಶುಚಿ ಮಾಡುವುದು, ಕೊಳವೆಯನ್ನು ಗೋಡೆಯಿಂದ ಐದಾರು ಅಡಿ ದೂರಕ್ಕೆ ಒಯ್ಯುವುದು, ಮನೆಯಿಂದ ಹೊರಕ್ಕೆ ಮೊದಲ 10 ಅಡಿಯಲ್ಲಿ 6 ಅಂಗುಲ ಇಳಿಜಾರು ಬರುವಂತೆ ಮಣ್ಣು ತುಂಬುವುದು, ಇವೆಲ್ಲ ಗುದ್ದಲಿ ಏಣಿಗಳಿಂದ ಆಗುವ ಕೆಲಸ. ಇಡೀ ನವೀಕರಣದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಕೆಲಸವೂ ಇದೇ.

ಒಳಗೆ ಗೋಡೆ ತಾನೇ ಕುರುಹು ತೋರಿಸುತ್ತದೆ. ಬಿಳಿ ಪುಡಿ ಕಂಡರೆ ನೀರು ಗೋಡೆ ದಾಟಿ ಬಂದು, ತಾನು ಆರಿ ಉಪ್ಪು ಬಿಟ್ಟಿದೆ ಎಂದರ್ಥ. ತೇವದ ಮೂಲ ತಿಳಿಯದಿದ್ದರೆ ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಕಟ್ಟಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ. ಮುಂಭಾಗದಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಇಲ್ಲಿ ನಮ್ಮವರಿಗೆ ಒಂದು ಕಿವಿಮಾತು: ಗಾಳಿಯಾಡಲೆಂದು ಜುಲೈನ ಸೆಕೆಯಲ್ಲಿ ಬೇಸ್‌ಮೆಂಟಿನ ಕಿಟಕಿ ತೆರೆದಿಟ್ಟರೆ ತೇವ ಹೆಚ್ಚುತ್ತದೆ. ಕಿಟಕಿ ಮುಚ್ಚಿ, ಡಿಹ್ಯುಮಿಡಿಫೈಯರ್ ಇಟ್ಟು, ಆರ್ದ್ರತೆಯನ್ನು ಶೇ 50ರ ಆಸುಪಾಸಿಗೆ ತರಬೇಕು.

ಹಿಮ ಕರಗುವ ವಸಂತವನ್ನೂ ಬೇಸಿಗೆಯ ಜೋರು ಮಳೆಯನ್ನೂ ಬರಿಗೋಡೆಯಲ್ಲೇ ಕಳೆಯಿರಿ. ಒಂದು ವರ್ಷ ಕಾಯುವುದು ಕಷ್ಟವೇ. ಆದರೂ ಎಲ್ಲಿ, ಯಾವಾಗ, ಎಷ್ಟು ನೀರು ಬರುತ್ತದೆಂದು ನೋಡಿದವರಿಗೆ ಮಾತ್ರ ಗುಂಡಿಯಲ್ಲಿ ಕೂಡಿದ ನೀರನ್ನು ಹೊರಹಾಕುವ ಸಂಪ್ ಪಂಪ್ ಬೇಕೇ, ಬಿರುಕು ತುಂಬಿದರೆ ಸಾಕೇ ಎಂದು ತಿಳಿಯುತ್ತದೆ. ಪಂಪ್ ಕೂರಿಸಿದರೆ ಬ್ಯಾಟರಿಯೂ ಇರಲಿ. ಕರೆಂಟ್ ಹೋಗುವುದು ಮಳೆಗಾಳಿಯ ರಾತ್ರಿಯಲ್ಲೇ.

ಕಾಣದ ಗಾಳಿ, ಕೆಣಕಬಾರದ ನೆಲ

1984ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಬಂದಾಗಲೆಲ್ಲ ವಿಕಿರಣದ ಅಲಾರಂ ಕೂಗತೊಡಗಿತು. ಸ್ಥಾವರ ಇನ್ನೂ ಚಾಲೂ ಆಗಿರಲಿಲ್ಲ. ಹುಡುಕಿದಾಗ ವಿಕಿರಣದ ಮೂಲ ಅವರ ಮನೆಯೇ ಎಂದು ತಿಳಿಯಿತು. ಅಲ್ಲಿನ ಗಾಳಿಯಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿಯಷ್ಟಿತ್ತು. 4 ಮುಟ್ಟಿದರೂ ಸರಿಪಡಿಸಿ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ಮನೆಗಳ ರೇಡಾನ್ ಬಗ್ಗೆ ಆ ದೇಶ ಎಚ್ಚೆತ್ತದ್ದು ಈ ಪ್ರಕರಣದ ನಂತರ.

ಮಣ್ಣಿನೊಳಗಿನ ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕುಗಳಿಂದ ನುಗ್ಗಿ ಬೇಸ್‌ಮೆಂಟಿನಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಎರಡನೇ ದೊಡ್ಡ ಕಾರಣ ಇದು; ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಸಾವುಗಳಿಗೆ ಇದು ಕಾರಣ ಎಂಬುದು ಇಪಿಎ ಅಂದಾಜು. ಪಕ್ಕದ ಮನೆಯಲ್ಲಿ ಕಡಿಮೆ ಬಂತೆಂದು ನಿಮ್ಮ ಮನೆಯಲ್ಲೂ ಕಡಿಮೆ ಇರಬೇಕಾಗಿಲ್ಲ. ಪರೀಕ್ಷೆಯ ಕಿಟ್ ಅಗ್ಗ. ಕೆನಡಾದ ಆರೋಗ್ಯ ಇಲಾಖೆ ಚಳಿಗಾಲದಲ್ಲಿ ಕನಿಷ್ಠ ಮೂರು ತಿಂಗಳು ಅಳೆಯಿರಿ ಎನ್ನುತ್ತದೆ. ಅಲ್ಲಿನ ಮಿತಿ ಘನ ಮೀಟರಿಗೆ 200 ಬೆಕೆರೆಲ್. ಹೆಚ್ಚಿದ್ದರೆ ನೆಲದ ಕಾಂಕ್ರೀಟಿಗೆ ತೂತು ಕೊರೆದು, ಕೊಳವೆ ಇಳಿಸಿ, ಫ್ಯಾನಿನಿಂದ ಅನಿಲವನ್ನು ಎಳೆದು ಚಾವಣಿಯಾಚೆ ಬಿಡುತ್ತಾರೆ. ಗೋಡೆ ಕಟ್ಟುವ ಮೊದಲೇ ಇದನ್ನು ಮಾಡಿಸುವುದು ಸುಲಭ. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು.

ಹಳೆಯ ಸಾಮಾನುಗಳಲ್ಲೂ ಅಪಾಯವಿದೆ. ನೆಲದಲ್ಲಿ 9 ಅಂಗುಲದ ಚೌಕ ಟೈಲ್‌ಗಳು, ಅವುಗಳಡಿಯ ಕಪ್ಪು ಅಂಟು, ಕೊಳವೆಗೆ ಸುತ್ತಿದ ಬಿಳಿ ಪಟ್ಟಿ ಕಂಡರೆ ಆಸ್ಬೆಸ್ಟಾಸ್ ಇರಬಹುದೆಂದೇ ತಿಳಿಯಿರಿ. ಕೀಳಬೇಡಿ, ಉಜ್ಜಬೇಡಿ, ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಲಿ. ಗಟ್ಟಿಯಾಗಿ ಕೂತಿರುವ ಟೈಲನ್ನು ಹಾಗೇ ಬಿಟ್ಟು ಮೇಲೆ ಹೊಸ ನೆಲ ಹಾಸಬಹುದು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಕೆರೆದು ದೂಳೆಬ್ಬಿಸಿದರೆ ಮನೆಯ ಮಕ್ಕಳಿಗೆ ವಿಷವುಣಿಸಿದಂತೆ.

ಗೋಡೆ ಕಟ್ಟುವ ಬಗೆ

ಕಾಂಕ್ರೀಟ್ ಗೋಡೆಗೆ ತಾಗಿಸಿ ಮರದ ಚೌಕಟ್ಟು, ನಡುವೆ ಫೈಬರ್‌ಗ್ಲಾಸ್ ಹತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಳೆ: ಬಹುಕಾಲದಿಂದ ನಡೆದುಬಂದ ಈ ಪದ್ಧತಿ ಹಳೆಯ ಬೇಸ್‌ಮೆಂಟಿಗೆ ಹೊಂದುವುದಿಲ್ಲ. ಕೋಣೆಯ ಗಾಳಿ ಸಂದುಗಳಿಂದ ನುಸುಳಿ ತಣ್ಣನೆಯ ಕಾಂಕ್ರೀಟಿಗೆ ತಾಗಿ ನೀರಾಗುತ್ತದೆ, ಮಣ್ಣಿನ ತೇವವೂ ಅಲ್ಲೇ ಸಿಕ್ಕಿಬೀಳುತ್ತದೆ. ಹತ್ತಿ ನೆನೆಯುತ್ತದೆ, ಮರಕ್ಕೆ ಬೂಷ್ಟು ಹಿಡಿಯುತ್ತದೆ. ಬದಲಿಗೆ ಎರಡು ಅಂಗುಲದ ಗಟ್ಟಿ ಫೋಮ್ ಹಲಗೆಯನ್ನು ಕಾಂಕ್ರೀಟಿಗೇ ಅಂಟಿಸಿ, ಸಂದುಗಳಿಗೆ ಟೇಪ್ ಹಾಕಿ, ಅದರ ಮುಂದೆ ಚೌಕಟ್ಟು ನಿಲ್ಲಿಸಬೇಕು. ಪ್ಲಾಸ್ಟಿಕ್ ಹಾಳೆ ಬೇಡ. ನೆಲ ಮುಟ್ಟುವ ಮರ ರಾಸಾಯನಿಕ ಹಾಕಿ ಸಂಸ್ಕರಿಸಿದ್ದಾಗಿರಲಿ, ಡ್ರೈವಾಲ್ ನೆಲದಿಂದ ಅರ್ಧ ಅಂಗುಲ ಮೇಲೆಯೇ ನಿಲ್ಲಲಿ. ಫೋಮ್ ಬೆಂಕಿಗೆ ಬೇಗ ತುತ್ತಾಗುವುದರಿಂದ ಅದನ್ನು ಎಲ್ಲೂ ಬಯಲಾಗಿ ಬಿಡಬಾರದು.

ಕಾಡುಗಲ್ಲಿನ ಗೋಡೆಯ ವಿಷಯ ಬೇರೆ. ಅದಕ್ಕೆ ಸಿಮೆಂಟ್ ಮೆತ್ತಿದರೆ ತೇವ ಹೊರಬರಲಾರದೆ ಗಾರೆಯನ್ನೂ ಮೆತುಕಲ್ಲನ್ನೂ ತಿನ್ನುತ್ತದೆ. ಉದುರಿದ ಸಂದುಗಳಿಗೆ ಸುಣ್ಣದ ಗಾರೆಯನ್ನೇ ತುಂಬಿ, ಗೋಡೆಯನ್ನು ಬಯಲಾಗಿ ಬಿಡುವುದೇ ಅದಕ್ಕೆ ಮಾಡುವ ಉಪಕಾರ.

ಮಲಗುವ ಕೋಣೆಗೆ ಎರಡನೇ ದಾರಿ

2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಕೊನೆಯ ಮಳೆ ನ್ಯೂಯಾರ್ಕ್ ಮೇಲೆ ಸುರಿಯಿತು. ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಅಂಗುಲ. ನಗರದಲ್ಲಿ ಬೇಸ್‌ಮೆಂಟ್ ಮನೆಗಳಲ್ಲೇ 11 ಮಂದಿ ಮುಳುಗಿ ಸತ್ತರು. ಮಹಡಿಗೆ ಹತ್ತುವ ಮೆಟ್ಟಿಲೊಂದೇ ದಾರಿಯಾದ ಕೋಣೆ ಬೆಂಕಿಗೂ ನೀರಿಗೂ ಸಿಕ್ಕಿಬೀಳುವ ಜಾಗ.

ಅದಕ್ಕೇ ಅಮೆರಿಕದ ವಸತಿ ಕಟ್ಟಡ ಸಂಹಿತೆ ಮಲಗುವ ಕೋಣೆಗೆ ಪಾರಾಗುವ ಕಿಟಕಿ ಕೇಳುತ್ತದೆ: ತೆರೆದಾಗ 5.7 ಚದರ ಅಡಿ ಬಯಲು, ಕನಿಷ್ಠ 24 ಅಂಗುಲ ಎತ್ತರ, 20 ಅಂಗುಲ ಅಗಲ, ಕೆಳ ಅಂಚು ನೆಲದಿಂದ 44 ಅಂಗುಲ ಮೀರಬಾರದು. ವಯಸ್ಸಾದ ತಂದೆ ತಾಯಿಗೆ ಆ ಎತ್ತರ ಹತ್ತುವುದೂ ಕಷ್ಟ. ಅವರಿಗೆ ಮೇಲಿನ ಕೋಣೆ ಬಿಟ್ಟುಕೊಟ್ಟು ನಾವು ಕೆಳಗಿಳಿಯುವುದೇ ಸರಿ. ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂಗಳಿಲ್ಲದೆ ಅಲ್ಲಿ ಯಾರೂ ಮಲಗಬಾರದು.

ಅಡಿಪಾಯ ಕತ್ತರಿಸಿ ಕಿಟಕಿ ಕೂರಿಸುವುದು, ನಡುವಿನ ಕಂಬ ತೆಗೆಯುವುದು, ತಲೆ ತಾಗುತ್ತದೆಂದು ನೆಲ ಅಗೆದು ಆಳ ಮಾಡುವುದು ಭಾನುವಾರದ ಕೆಲಸಗಳಲ್ಲ. ಅಡಿಪಾಯದ ಕೆಳಗಿನ ಮಣ್ಣು ತೆಗೆದರೆ ಇಡೀ ಮನೆ ಕುಸಿಯಬಹುದು. ಇವಕ್ಕೆ ಎಂಜಿನಿಯರ್ ನಕ್ಷೆ ಬೇಕು. ಗ್ಯಾಸ್ ಕೊಳವೆಗೆ ಪರವಾನಗಿ ಪಡೆದ ಕೆಲಸಗಾರರೇ ಬರಲಿ.

ಚೌಕಟ್ಟು, ಫೋಮ್, ಡ್ರೈವಾಲ್, ನೆಲಹಾಸು, ಬಣ್ಣ ನಿಮ್ಮ ಕೈಯಲ್ಲೇ ಚೆನ್ನಾಗಿ ಆಗುತ್ತವೆ. ಆದರೆ ಊರಿನ ಕಟ್ಟಡ ಇಲಾಖೆಯ ಪರ್ಮಿಟ್ ಮೊದಲು ತನ್ನಿ. ಪರಿಶೀಲನೆಗೆ ಬರುವ ಅಧಿಕಾರಿ ಇಂಥ ಗೋಡೆಗಳನ್ನು ನೂರಾರು ನೋಡಿರುತ್ತಾರೆ. ಅವರ ಪ್ರಶ್ನೆಗಳು ಪುಕ್ಕಟೆ ಪಾಠ. ಗೋಡೆ ಮುಚ್ಚುವ ಮುನ್ನ ವೈರು, ಕೊಳವೆ, ಬಿರುಕು ಎಲ್ಲದರ ಫೋಟೊ ತೆಗೆದು, ರೇಡಾನ್ ವರದಿಯ ಜೊತೆ ಒಂದು ಕಡತದಲ್ಲಿಡಿ. ನೂರು ವರ್ಷ ಬಾಳಿದ ಮನೆ ನಾಳೆ ಇನ್ನೊಬ್ಬರದಾಗುತ್ತದೆ. ಆ ಗೋಡೆಯ ಹಿಂದೆ ಏನಿದೆಯೆಂದು ಅವರು ಒಡೆದು ನೋಡಬೇಕಾದ ಸ್ಥಿತಿ ಬರಬಾರದು.